ಕೊಸರು ಜಗ್ಗು

ನಮ್ಮ ಮನೆಯಲ್ಲಿ ಯಾರಾದರೂ "ಚೆನ್ನಾಗಿದ್ದೀಯಾ?" ಎಂದು ಕೇಳಿದರೆ ಬರೀ "ಚೆನ್ನಾಗಿದ್ದೀನಿ" ಎಂದು ಉತ್ತರ ಕೊಟ್ಟು ಸುಮ್ಮನಾಗುವಂತಿಲ್ಲ. ಅದರ ಹಿಂದೆ ಇನ್ನೊಂದು ಮಾತು ಸೇರಿಸಲೇಬೇಕು. "ಚೆನ್ನಾಗಿದ್ದೀನಿ, ಮಂಡಿ ಮಾತ್ರ ನೋಯ್ತಿದೆ." "ಚೆನ್ನಾಗಿದ್ದೀನಿ, ನಿನ್ನ ಮೂತಿ ಯಾಕೆ ಹಾಗಿದೆ?" ಏನೂ ತೋಚದಿದ್ದರೆ "ಚೆನ್ನಾಗಿದ್ದೀನಿ, ಹೋಗೇ ಕತ್ತೆ" ಅಂದರೂ ನಡೆಯುತ್ತದೆ. ಒಂದೇ ಮಾತಿನ ಉತ್ತರ ಬಂದರೆ ಅಪ್ಪ ಕೂತಲ್ಲಿಂದ ಎದ್ದು ಬಂದು ಮುಖ ನೋಡುತ್ತಿದ್ದ. ಫೋನಿನಲ್ಲಾದರೆ ಬೇರೆ ಮಾತು ಕೇಳುವವರೆಗೆ ಇಡುತ್ತಿರಲಿಲ್ಲ. ಹೊಸದಾಗಿ ಬಂದವರಿಗೆ ಇದು ಅರೆಹುಚ್ಚರ ಮನೆ ಅನಿಸುತ್ತದೆ.

ಹಾಗೆ ಸೇರಿಸುವ ಮಾತಿಗೆ ನಾವು ಕೊಸರು ಅನ್ನುತ್ತೇವೆ. ತರಕಾರಿಯವಳು ತೂಕ ಹಾಕಿ ಮುಗಿಸಿ, ತಕ್ಕಡಿ ಇಳಿಸಿದ ಮೇಲೆ, ಲೆಕ್ಕಕ್ಕಿಲ್ಲದ ನಾಲ್ಕು ಬೀನ್ಸು ಚೀಲಕ್ಕೆ ಎಸೆಯುತ್ತಾಳಲ್ಲ, ಅದೇ ಕೊಸರು. ಅದನ್ನು ಜಗಳವಾಡಿ ಕೇಳಿ ಹಾಕಿಸಿಕೊಳ್ಳುವುದರಲ್ಲಿ ಅಮ್ಮ ಎತ್ತಿದ ಕೈ. ಆದರೆ ನಮ್ಮ ಮನೆಗೆ ಆ ಪದ ಬಂದಿದ್ದು ತರಕಾರಿ ಅಂಗಡಿಯಿಂದಲ್ಲ. ಅಪ್ಪ ಅದನ್ನು ಕೆಲಸದ ಜಾಗದಿಂದ ತಂದ, ಅದರ ಜೊತೆಗೆ ಭಯವನ್ನೂ ತಂದ.

ಅಪ್ಪನ ಕೆಲಸ ಏನು ಎಂದು ಶಾಲೆಯಲ್ಲಿ ಕೇಳಿದಾಗ ನಾನು "ಹಗ್ಗ ಹಿಡೀತಾರೆ" ಅಂದಿದ್ದೆ. "ಯಾವ ಎಮ್ಮೇದು?" ಎಂದು ತರಗತಿಗೆ ತರಗತಿಯೇ ನಕ್ಕಿತ್ತು. ಎಮ್ಮೆಯದಲ್ಲ, ಮನುಷ್ಯರದು. ಊರಿಗೆ ಕುಡಿಯುವ ನೀರು ಕೊಡುವ ಜಲಾಶಯದ ದಂಡೆಯಲ್ಲಿ ಸಿಮೆಂಟಿನ ದೊಡ್ಡ ಬಾವಿಯೊಂದಿದೆ. ಅದರ ತಳದಲ್ಲಿ ಕೊಳವೆಯ ಬಾಯಿ, ಬಾಯಿಗೆ ಕಬ್ಬಿಣದ ಜಾಲರಿ. ಕೊಂಬೆ, ಬಳ್ಳಿ, ಪ್ಲಾಸ್ಟಿಕ್ಕು, ಸತ್ತ ನಾಯಿ ಎಲ್ಲ ಬಂದು ಆ ಜಾಲರಿಗೆ ಮೆತ್ತಿಕೊಳ್ಳುತ್ತವೆ. ಪಂಪು ನಿಲ್ಲಿಸಿ, ಒಬ್ಬ ಮುಳುಗುಗಾರ ಕೆಳಗಿಳಿದು ಅದನ್ನೆಲ್ಲ ಕೈಯಿಂದ ಕಿತ್ತು ಬಿಡಿಸಬೇಕು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ನೀರು ಕಪ್ಪು ಮಸಿ. ದಂಡೆಯ ಮೇಲಿನ ಎಂಜಿನ್ನು ಉದ್ದನೆಯ ರಬ್ಬರ್ ಕೊಳವೆಯಲ್ಲಿ ಅವನ ಮುಖವಾಡಕ್ಕೆ ಗಾಳಿ ಊದುತ್ತಿರುತ್ತದೆ. ಸೊಂಟಕ್ಕೊಂದು ಹಗ್ಗ. ಆ ಹಗ್ಗದ ಇನ್ನೊಂದು ತುದಿ, ಬಾವಿಯ ಕಟ್ಟೆಯ ಮೇಲೆ ಕೂತ ನಮ್ಮಪ್ಪನ ಕೈಯಲ್ಲಿ.

ಹಗ್ಗಕ್ಕೊಂದು ಭಾಷೆಯಿದೆ. ಮೇಲಿನಿಂದ ಒಂದು ಸಲ ಜಗ್ಗಿದರೆ "ಹೇಗಿದ್ದೀಯ?" ಕೆಳಗಿನಿಂದ ಒಂದು ಜಗ್ಗು ಬಂದರೆ "ಸರಿ ಇದ್ದೀನಿ." ಎರಡು ಬಂದರೆ "ಹಗ್ಗ ಸಡಿಲ ಬಿಡು." ಮೂರು ಬಂದರೆ "ಎಳಿ." ಅಷ್ಟೇ ಪದಗಳು. ಈ ಭಾಷೆಯಲ್ಲಿ "ಗೊತ್ತಿಲ್ಲ" ಅನ್ನುವ ಮಾತೇ ಇಲ್ಲ ಎಂದು ಅಪ್ಪ ಗೊಣಗುತ್ತಿದ್ದ. ನಾನು ಚಿಕ್ಕವಳಿದ್ದಾಗ ಹಾಸಿಗೆಯ ಮೇಲೆ ಕೂತು ಟವಲಿನ ಒಂದೊಂದು ತುದಿ ಹಿಡಿದು ನಾವಿಬ್ಬರೂ ಈ ಭಾಷೆ ಆಡುತ್ತಿದ್ದೆವು. ಆಟದಲ್ಲಿ ಒಂದು ಜಗ್ಗು ಅಂದರೆ ಹೌದು, ಎರಡು ಅಂದರೆ ಇಲ್ಲ. ಒಮ್ಮೆ ನಾನು "ಅಪ್ಪಾ, ದೆವ್ವ ಇದೆಯಾ?" ಎಂದು ಕೇಳಿದೆ. ಅಪ್ಪ ಜಗ್ಗಲಿಲ್ಲ, ಬಿಡಲೂ ಇಲ್ಲ. ಟವಲನ್ನು ಬಿಗಿಯಾಗಿ ಹಿಡಿದು ಕೂತ.

"ಇದೇನಪ್ಪಾ?"

"ಇದು ಗೊತ್ತಿಲ್ಲ ಅಂತ. ನಾನೇ ಮಾಡ್ಕೊಂಡಿರೋ ಮಾತು. ಎಳೀಬಾರದು, ಬಿಡಲೂಬಾರದು. ಹಿಡ್ಕೊಂಡಿರಬೇಕು."

ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಇದೆ ಅಂದಿದ್ದರೆ ಹೆದರಿ ಅಮ್ಮನ ಪಕ್ಕ ಮಲಗುತ್ತಿದ್ದೆ, ಇಲ್ಲ ಅಂದಿದ್ದರೆ ನಿಶ್ಚಿಂತೆಯಾಗಿ ಮಲಗುತ್ತಿದ್ದೆ. ಅಪ್ಪನ ಉತ್ತರದಿಂದ ಎರಡೂ ಆಗಲಿಲ್ಲ, ಕಣ್ಣು ಬಿಟ್ಟುಕೊಂಡು ಬಿದ್ದಿದ್ದೆ.

ಆ ಕಸುಬಿನವರಲ್ಲಿ ಒಂದು ನಂಬಿಕೆಯಿತ್ತು. ಮೇಲಿನವನು ಕೇಳಿದ, ಕೆಳಗಿನವನು ಒಂದು ಸಲ ಜಗ್ಗಿ ಸರಿ ಇದ್ದೀನಿ ಅಂದ, ಅಲ್ಲಿಗೆ ಮಾತು ಮುಗಿಯಿತು. ಆದರೆ ಒಮ್ಮೊಮ್ಮೆ, ಉತ್ತರ ಬಂದು ತುಸು ತಡೆದು, ಹಗ್ಗ ಇನ್ನೊಮ್ಮೆ ಮೆಲ್ಲಗೆ ಮಿಡಿಯುತ್ತದೆ. ಮಗು ಬಟ್ಟೆಯ ತುದಿ ಹಿಡಿದು ಎಳೆದಷ್ಟೇ. ಮೇಲೆ ಬಂದ ಮುಳುಗುಗಾರನನ್ನು ಕೇಳಿದರೆ ತಾನು ಎರಡನೆಯದನ್ನು ಜಗ್ಗಿಯೇ ಇಲ್ಲ ಅನ್ನುತ್ತಾನೆ. ಅದಕ್ಕೆ ಕೊಸರು ಜಗ್ಗು ಎಂದು ಹೆಸರು. ನಿವೃತ್ತನಾದ ಮೇಲೂ ಬಾವಿಯ ಕಟ್ಟೆ ಬಿಡದ ಒಬ್ಬ ಮುದುಕ ಮುಳುಗುಗಾರನಿದ್ದ, ಎಲ್ಲರೂ ಅವನನ್ನು ಮುಳುಗಜ್ಜ ಅನ್ನುತ್ತಿದ್ದರು. ಅವನ ಪ್ರಕಾರ, ಹಿಂದೆ ಯಾವಾಗಲೋ ಆ ಬಾವಿಯಲ್ಲಿ ಇಳಿದವನೊಬ್ಬ ಮೇಲೆ ಬರಲೇ ಇಲ್ಲ. ಕೊಸರು ಅವನ ಕೈಯದು. ಅದು ಬಂತೆಂದರೆ ಕೆಳಗಿರುವವನ ಮೇಲೆ ಅವನ ಕಣ್ಣು ಬಿದ್ದಿದೆ ಎಂದೇ ಲೆಕ್ಕ, ಹಿಂದೆಮುಂದೆ ನೋಡದೆ ಎಳೆದುಬಿಡಬೇಕು.

ನೀರು ಸರಬರಾಜು ಕೇಂದ್ರದ ಎಂಜಿನಿಯರು ಬೇರೆ ಹೇಳುತ್ತಿದ್ದರು. ನೆನೆದ ಹಗ್ಗ ಜಗ್ಗಿದಾಗ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ, ಕುಗ್ಗಿದ್ದು ನಿಮ್ಮ ಕೈಗೆ ತಿಳಿಯುತ್ತದೆ. ಒಳ್ಳೆಯ ಮನುಷ್ಯ, ಯಾರನ್ನೂ ಹೀಯಾಳಿಸದೆ, ಹಗ್ಗದ ತುಂಡು ಹಿಡಿದು ತೋರಿಸಿ ಹೇಳುತ್ತಿದ್ದರು. ಅಪ್ಪ ಅವರಿಗೆ "ಇರಬಹುದು ಸಾರ್" ಅನ್ನುತ್ತಿದ್ದ. ಮುಳುಗಜ್ಜನಿಗೂ "ಇರಬಹುದಜ್ಜ" ಅನ್ನುತ್ತಿದ್ದ. ಇಬ್ಬರಿಗೂ ಸಿಟ್ಟು ಬರುತ್ತಿತ್ತು. ಕೆಲಸದ ಜಾಗದಲ್ಲಿ ಅಪ್ಪನ ಹೆಸರೇ ಇರಬಹುದಣ್ಣ ಎಂದಾಗಿಹೋಯಿತು. "ಇರಬಹುದಣ್ಣ ಬಂದ್ರಾ?" ಎಂದು ಯಾರಾದರೂ ಕೇಳಿದರೆ "ಬಂದಿದ್ರೂ ಬಂದಿರಬಹುದು" ಎಂದು ಇನ್ನೊಬ್ಬರು ಹೇಳಿ ನಗುತ್ತಿದ್ದರು. ಅಮ್ಮನ ಬಾಯಲ್ಲಿ ಮಾತ್ರ ಸದಾ ಒಂದೇ ದೂರು: "ಯಾವ ಮಾತು ಕೇಳಿದ್ರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಈ ಕಡೆಗೂ ಬೆಳಕಿಲ್ಲ, ಆ ಕಡೆಗೂ ಬೆಳಕಿಲ್ಲ."

ನಾನು ಅಮ್ಮನ ಕಡೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಇನ್ನೂ ಹೆಚ್ಚಾಯಿತು. ಗಾಜು ಬದಲಿಸಿ ಬದಲಿಸಿ "ಇದು ಚೆನ್ನಾಗಿ ಕಾಣತ್ತಾ, ಅದಾ?" ಎಂದು ಕೇಳುವುದು ನನ್ನ ಕೆಲಸ. "ಗೊತ್ತಾಗ್ತಿಲ್ಲಮ್ಮ, ಎರಡೂ ಒಂದೇ ಥರ" ಅನ್ನುವ ಗಿರಾಕಿಯನ್ನು ಕಂಡರೆ ಮೈ ಉರಿಯುತ್ತದೆ. ಕಾಣಬೇಕು, ಇಲ್ಲವೇ ಕಾಣಬಾರದು. ಮಧ್ಯೆ ಇನ್ನೊಂದು ಏನು?

ಕೊಸರು ಬರೀ ಮಾತಾಗಿರದೆ ನಮ್ಮ ಮನೆಗೇ ತಟ್ಟಿದ್ದು ಮಾವನಿಂದಾಗಿ. ಮಾವ ಅಂದರೆ ಅಮ್ಮನ ತಮ್ಮ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಮ್ಮನೇ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದಳು. ಓದು ತಲೆಗೆ ಹತ್ತಲಿಲ್ಲ, ಈಜು ಚೆನ್ನಾಗಿ ಬರುತ್ತಿತ್ತು. ಅಪ್ಪನೇ ಮಾತಾಡಿ ಅವನನ್ನು ಮುಳುಗುಗಾರರ ಕೆಲಸಕ್ಕೆ ಸೇರಿಸಿದ. "ನನ್ನ ತಮ್ಮನ್ನ ನೀರಿಗೆ ಹಾಕಿದ್ದು ನೀವು" ಎಂದು ಅಮ್ಮ ಆಗಾಗ ನೆನಪಿಸುತ್ತಿದ್ದಳು. ಮಾವ ಇಳಿದ ದಿನವೆಲ್ಲ ಹಗ್ಗ ಅಪ್ಪನದೇ ಆಗಿರಬೇಕು, ಬೇರೆಯವರ ಕೈಗೆ ಕೊಡಬಾರದು ಎಂದು ಅವಳು ಹಟ ಹಿಡಿದು ಒಪ್ಪಿಸಿದ್ದಳು.

ಮಾವ ಯಾವುದನ್ನೂ ನಂಬುವವನಲ್ಲ. ಕೊಸರಿನ ಮಾತು ಬಂದರೆ "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನೀವು" ಎಂದು ಮುಳುಗಜ್ಜನ ಕಿವುಡು ಕಿವಿಗೇ ಕೂಗಿ ಹೇಳುತ್ತಿದ್ದ. ಆದರೆ ಒಂದು ದಿನ ಅವನು ಕೆಳಗಿದ್ದಾಗ ಅಪ್ಪನ ಕೈಗೆ ಮೊದಲ ಸಲ ಕೊಸರು ಬಂತು. ಮುಳುಗಜ್ಜ ಪಕ್ಕದಲ್ಲೇ ಕೂತು "ಎಳಿಯೋ, ಎಳಿಯೋ" ಎಂದು ಬಡಿದುಕೊಂಡ. ಅಪ್ಪ ಎಳೆದ. ಅದೇ ಹೊತ್ತಿಗೆ ಮಾವ ಜಾಲರಿಯ ಕಂಬಿಗಳ ನಡುವೆ ಭುಜದವರೆಗೂ ಬಲಗೈ ತೂರಿಸಿ ಒಂದು ಕೊಂಬೆ ಹಿಡಿದಿದ್ದ. ಕೈ ಒಳಗೇ ಉಳಿಯಿತು, ಮೈ ಮೇಲಕ್ಕೆ ಬಂತು. ಭುಜದ ಕೀಲು ತಪ್ಪಿತು. ಮೇಲೆ ಬಂದ ಮಾವನ ಅರಚಾಟ ಪಂಪಿನ ಮನೆಯವರೆಗೂ ಕೇಳಿಸಿತಂತೆ.

ಆ ಕೈ ಆಮೇಲೆ ಪೂರ್ತಿ ಸರಿಹೋಗಲಿಲ್ಲ. ಲೋಟ ಎತ್ತಿದರೆ ನಡುಗುತ್ತಿತ್ತು. ಕೆಲಸಕ್ಕೆ ಮರಳುವ ಮುಂಚೆ ಮಾವ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ: "ಭಾವ, ಮೂರು ಜಗ್ಗು ಬಂದ್ರೆ ಮಾತ್ರ ಎಳಿ. ಕೊಸರು ಗಿಸರು ಅಂತ ಇನ್ನೊಂದ್ಸಲ ಎಳೆದ್ರೆ ಈ ಕೈ ನನ್ನದಾಗಿ ಉಳಿಯೋದಿಲ್ಲ. ಮಾತು ಕೊಡು."

ಅಪ್ಪ ಮಾತು ಕೊಟ್ಟ. ಮಾವ ಮೆಟ್ಟಿಲಿಳಿದು ಹೋಗುವುದನ್ನೇ ಕಾದಿದ್ದ ಅಮ್ಮ ಅಪ್ಪನ ಎದುರು ನಿಂತಳು. "ಅವನ ಮಾತು ಕೇಳಬೇಡಿ. ಕೈ ಹೋದ್ರೆ ಹೋಗಲಿ, ಒಂದು ಕೈಯಲ್ಲೇ ಬದುಕ್ತಾನೆ. ಕೊಸರು ಬಂದ್ರೆ ನೀವು ಎಳೀಲೇಬೇಕು."

ಅಪ್ಪ ಅವಳಿಗೂ ಹ್ಞೂಂ ಅಂದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತೆ ಆಯಿತು ಅವನ ಪಾಡು. ಎಳೆದರೆ ಕೈ ಹೋದೀತು, ಎಳೆಯದಿದ್ದರೆ ಜೀವ. ಅವತ್ತಿನಿಂದ ಅಪ್ಪ ಊಟಕ್ಕೆ ಕೂತರೆ ತುತ್ತು ಎಣಿಸಿದ ಹಾಗೆ ತಿನ್ನುತ್ತಿದ್ದ.

ಇದರ ಮೇಲೆ ಇನ್ನೊಂದು. ಮಾವ ಮತ್ತೆ ನೀರಿಗಿಳಿಯಲು ಶುರು ಮಾಡಿದ ಮೇಲೆ ಕೊಸರು ಎಂದೋ ಒಮ್ಮೆ ಬರುವುದಲ್ಲ, ಪ್ರತಿ ಸಲ ಬರತೊಡಗಿತು. ಅಪ್ಪ ಕೇಳುವನು, ಒಂದು ಜಗ್ಗು ಬರುವುದು, ತುಸು ತಡೆದು ಆ ಮೆಲ್ಲನೆಯ ಮಿಡಿತ. ಅಪ್ಪ ಹಲ್ಲು ಕಚ್ಚಿ ಕೂರುವನು. ಮಾವ ಸಿಳ್ಳೆ ಹಾಕಿಕೊಂಡು ಮೇಲೆ ಬರುವನು. ಮನೆಗೆ ಬಂದು ಅಪ್ಪ ಇದನ್ನು ಹೇಳಿದಾಗ ನಾನು ಅಲ್ಲೇ ತೀರ್ಪು ಕೊಟ್ಟೆ.

"ಅದು ಮಾವನ ಕೆಟ್ಟ ಕೈ ಅಪ್ಪಾ. ನಡುಗತ್ತಲ್ಲ, ಜಗ್ಗಿ ಬಿಟ್ಟ ಮೇಲೆ ಇನ್ನೊಂದು ಸಲ ಅದುರತ್ತೆ. ಅವನಿಗೇ ಗೊತ್ತಾಗಲ್ಲ."

"ಇರಬಹುದು."

"ಮತ್ತೆ ಭಯ ಯಾಕೆ?"

"ಇಲ್ಲದೆಯೂ ಇರಬಹುದಲ್ಲ" ಎಂದ ಅಪ್ಪ. ನಾನು ತಟ್ಟೆ ಕುಕ್ಕಿ ಎದ್ದುಹೋದೆ.

ಅಮ್ಮನ ಬಳಿ ಬೇರೆಯೇ ವಿವರಣೆಯಿತ್ತು. ಅವಳು ಅದನ್ನು ನನಗೊಬ್ಬಳಿಗೇ, ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ ಹೇಳಿದಳು. ಆ ಕೊಸರು ಅಜ್ಜಿಯದಂತೆ. ಮಗ ಪೆಟ್ಟು ತಿಂದ ಮೇಲೆ ತಾಯಿ ಜೊತೆಗಿಳಿಯುತ್ತಿದ್ದಾಳೆ, ಅವನು ಒಂದು ಜಗ್ಗಿದರೆ ತಾನೂ ಇದ್ದೀನಿ ಎಂದು ಕೈ ಸೇರಿಸುತ್ತಾಳೆ. "ನಗಬೇಡ" ಎಂದಳು. ನಾನು ನಗಲಿಲ್ಲ, ಆದರೆ ಒಳಗೊಳಗೇ ಅಮ್ಮನ ಮೇಲೆ ಕನಿಕರ ಬಂತು.

ಆ ದಿನ ನಾನು ಬಾವಿಯ ಹತ್ತಿರ ಇದ್ದೆ. ಅಪ್ಪನ ಕನ್ನಡಕದ ಕಡ್ಡಿ ಮುರಿದಿತ್ತು, ಅಂಗಡಿಯಲ್ಲಿ ಹೊಸದು ಕೂರಿಸಿ, ಅದನ್ನು ಕೊಡಲು ಬಂದಿದ್ದೆ. ಬಿಸಿಲಿತ್ತು. ಬಾವಿಯ ಕಟ್ಟೆಯ ಮೇಲೆ ಅಪ್ಪ ಹಗ್ಗವನ್ನು ಅಂಗೈಗೆ ಸುತ್ತದೆ, ಸುತ್ತಬಾರದು ಅದು, ಬೆರಳುಗಳ ಮೇಲೆ ಹಾಯಿಸಿಕೊಂಡು ಕೂತಿದ್ದ. ಎಂಜಿನ್ನು ತನ್ನ ಮಾಮೂಲು ಜಾಗದಲ್ಲಿ ಗುಡುಗುಡು ಅನ್ನುತ್ತಿತ್ತು. ಗಾಳಿ ತಿರುಗಿ ಅದರ ಹೊಗೆ ನಮ್ಮ ಕಡೆಗೇ ಬರುತ್ತಿತ್ತು, ನಾನು ಮೂಗು ಮುಚ್ಚಿಕೊಂಡು ಈಚೆ ಬಂದು ನಿಂತೆ. ಕೆಳಗೆ ಮಾವ. ಬಾವಿಯ ಕಪ್ಪು ನೀರಿನ ಮೇಲೆ ಅವನ ಉಸಿರಿನ ಗುಳ್ಳೆಗಳು ಗುಳುಗುಳು ಎಂದು ಏಳುತ್ತಿದ್ದವು. ಮುಳುಗಜ್ಜ ನೆರಳಿನಲ್ಲಿ ತೂಕಡಿಸುತ್ತಿದ್ದ.

ಅಪ್ಪ ಒಂದು ಜಗ್ಗಿದ. ಒಂದು ಬಂತು. ಆಮೇಲೆ ಹಗ್ಗ ಮೆಲ್ಲಗೆ ಮಿಡಿದಿದ್ದು ನನ್ನ ಕಣ್ಣಿಗೇ ಕಂಡಿತು. ಅಪ್ಪ ನನ್ನ ಕಡೆ ನೋಡಿ, ಬಂತು ನೋಡು ಅನ್ನುವ ಹಾಗೆ ಹುಬ್ಬು ಹಾರಿಸಿದ. ಕೆಟ್ಟ ಕೈ, ಕೆಟ್ಟ ಕೈ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ನಾವು ಕನ್ನಡಕದ ವಿಷಯ ಮಾತಾಡಿದೆವು. ಕಡ್ಡಿ ಬಿಗಿಯಾಯಿತು ಅಂದ, ಸಡಿಲ ಮಾಡಿಕೊಟ್ಟೆ. ಗುಳ್ಳೆಗಳು ಬರುತ್ತಲೇ ಇದ್ದವು. ಅಪ್ಪ ಮತ್ತೆ ಒಂದು ಜಗ್ಗಿದ. ಕೆಳಗಿನಿಂದ ಒಂದು ಬಂತು. ನೇರವಾಗಿ, ಗಟ್ಟಿಯಾಗಿ, ಹೇಳಿಕೊಟ್ಟ ಪಾಠ ಒಪ್ಪಿಸಿದ ಹಾಗೆ. ನಾನು ಮುಂದಿನ ಮಿಡಿತಕ್ಕೆ ಕಾದೆ. ಬರಲಿಲ್ಲ. ಸದ್ಯ, ಬರಲಿಲ್ಲವಲ್ಲ ಎಂದು ನನಗೆ ನಿರಾಳವಾಯಿತು.

ಅಪ್ಪನ ಮುಖದಲ್ಲಿ ಬಣ್ಣವಿರಲಿಲ್ಲ.

"ಏನಾಯ್ತಪ್ಪಾ? ಸರಿ ಇದ್ದೀನಿ ಅಂದನಲ್ಲ."

"ಅಂದ" ಎಂದ ಅಪ್ಪ. "ಆದ್ರೆ ತುಂಬಾ ಚೆನ್ನಾಗಿ ಅಂದ."

ಅಪ್ಪ ಗುಳ್ಳೆ ನೋಡಿದ, ಹಗ್ಗ ನೋಡಿದ. ಇನ್ನೊಂದು ಸಲ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೆ ಅದೇ ಉತ್ತರ ಬರುತ್ತಿತ್ತು ಎಂದು ಅವನಿಗೆ ಹೆದರಿಕೆ, ಅದನ್ನು ಆಮೇಲೆ ಹೇಳಿದ. ಈಗ ಎಳೆದರೆ, ಮಾವನ ಕೈ ಜಾಲರಿಯೊಳಗಿದ್ದರೆ, ಭುಜ ಕಿತ್ತುಬರುತ್ತದೆ. ಮೂರು ಜಗ್ಗು ಬಂದಿಲ್ಲ. ಕೊಸರೂ ಬಂದಿಲ್ಲ. ಎಳೆ ಎಂದು ಯಾರೂ ಹೇಳಿಲ್ಲ, ಯಾವ ನಂಬಿಕೆಯೂ ಹೇಳಿಲ್ಲ. ಅಪ್ಪನ ಗಂಟಲಿನಿಂದ ನಾನು ಹಿಂದೆಂದೂ ಕೇಳಿರದ ಒಂದು ಸದ್ದು ಬಂತು. ಅವನು ಎದ್ದು ನಿಂತು, ಕಟ್ಟೆಗೆ ಕಾಲು ಕೊಟ್ಟು, ಎಳೆಯತೊಡಗಿದ. "ಹಿಡ್ಕೊಳೇ!" ಎಂದು ನನ್ನ ಮೇಲೆ ಕೂಗಿದ. ನಾನೂ ಹಿಡಿದೆ. ಹಗ್ಗ ತಣ್ಣಗಿತ್ತು, ಜಾರುತ್ತಿತ್ತು, ಅದರ ಕೆಳಗಿನ ಭಾರ ಬದುಕಿದ ಮನುಷ್ಯನದೋ ಕೊಂಬೆಯದೋ ತಿಳಿಯುವಂತಿರಲಿಲ್ಲ. ಅಯ್ಯೋ, ಕೈ ಬರುತ್ತದೋ ಮಾವ ಬರುತ್ತಾನೋ ಎಂದು ನಾನು ಅಳುತ್ತಾ ಎಳೆದೆ.

ಮಾವ ಇಡಿಯಾಗಿ ಬಂದ. ತಲೆ ಜೋತುಬಿದ್ದಿತ್ತು. ಮುಖವಾಡ ಕಿತ್ತಾಗ ಉಸಿರಿತ್ತು, ಕರೆದರೆ ಓಗೊಡಲಿಲ್ಲ. ಎರಡೂ ಕೈ ಹಸಿ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡಿದ್ದವು.

ತಿರುಗಿದ ಗಾಳಿ ಎಂಜಿನ್ನಿನ ಹೊಗೆಯನ್ನು ಅದೇ ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ತಂದು ಹಾಕಿತ್ತು. ಮಾವ ಕೆಳಗೆ ವಿಷದ ಗಾಳಿ ಕುಡಿದು, ತನಗೇ ತಿಳಿಯದ ಹಾಗೆ ಪ್ರಜ್ಞೆ ತಪ್ಪಿದ್ದ. ಉಸಿರಾಡುತ್ತಿದ್ದರಿಂದ ಗುಳ್ಳೆ ಬರುತ್ತಿದ್ದವು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅವೂ ನಿಲ್ಲುತ್ತಿದ್ದವು ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಮಾವ ನೀರು ಕೇಳಿದ, ಅಕ್ಕನನ್ನು ಕೇಳಿದ. ಆಮೇಲೆ ಅಪ್ಪನ ಕಡೆ ತಿರುಗಿ "ನಾನು ಮೂರು ಜಗ್ಗಲಿಲ್ಲವಲ್ಲ ಭಾವ, ಹೇಗೆ ಎಳೆದೆ?" ಎಂದ.

"ಎರಡನೇ ಸಲ ಕೇಳಿದಾಗ ನೀನು ಉತ್ತರ ಕೊಟ್ಟ ರೀತಿ ಸರಿ ಕಾಣಲಿಲ್ಲ."

ಮಾವ ಅಪ್ಪನನ್ನೇ ನೋಡಿದ. "ನೀನು ಕೇಳಿದ್ದು ಒಂದೇ ಸಲ ಭಾವ. ಅದಕ್ಕೆ ಜಗ್ಗಿದೆ. ಆಮೇಲೆ ತಲೆ ಭಾರ ಆಯ್ತು, ಸ್ವಲ್ಪ ಕೂರೋಣ ಅನ್ನಿಸ್ತು. ಅಷ್ಟೇ ನೆನಪು."

ಅಮ್ಮ ಮಾವನ ಹೊದಿಕೆಯನ್ನು ಕುತ್ತಿಗೆಯವರೆಗೂ ಎಳೆದು ಹೊದಿಸಿದಳು. ಹಾಗಾದರೆ, ಸರಿ ಇದ್ದೀನಿ ಅಂದವರು ಯಾರು?

ಎಂಜಿನಿಯರು ಆಸ್ಪತ್ರೆಗೆ ಬಂದಾಗ ಹೇಳಿದರು, ಎಚ್ಚರ ತಪ್ಪಿದ ಮೈ ನೀರಿನಲ್ಲಿ ತೇಲಿ ತಿರುಗಿದಾಗ ಹಗ್ಗ ಒಮ್ಮೆ ಬಿಗಿಯುತ್ತದೆ, ಅದು ಜಗ್ಗಿನ ಹಾಗೇ ತಿಳಿಯುತ್ತದೆ, ನೀವು ಕೇಳಿದ ಹೊತ್ತಿಗೇ ಅದಾಗಿದ್ದು ಕಾಕತಾಳೀಯ. ಸರಿಯಾಗಿಯೇ ಇತ್ತು ಅವರ ಮಾತು. ಮುಳುಗಜ್ಜ ಬಂದು ಅಪ್ಪನ ಕಿವಿಯಲ್ಲಿ ಹೇಳಿದ, ಬಾವಿಯಲ್ಲೇ ಉಳಿದ ಆ ಹಳೆಯವನು ಉತ್ತರ ಕೊಟ್ಟಿದ್ದಾನೆ, ನೀನು ಎಳೆಯದೇ ಇರಲಿ ಅಂತ. ಕೊಸರು ಅವನದು ಅಂತ ಇಷ್ಟು ದಿನ ತಪ್ಪು ತಿಳಿದಿದ್ದೆ ಕಣೋ, ಸುಳ್ಳು ಹೇಳುವವನು ಕೊಸರು ಹಾಕುವುದಿಲ್ಲ. ಅಮ್ಮ ಅಂದಳು, ಕೊನೆಯ ಸಲ ನನ್ನಮ್ಮ ಬೇಕೆಂದೇ ಕೈ ಹಿಂದಕ್ಕೆ ತೆಗೆದುಕೊಂಡಳು, ನಿಮಗೆ ಗೊತ್ತಾಗಲಿ ಅಂತ. ನಾನು ಎಂಜಿನಿಯರ ಕಡೆ. ಅಪ್ಪ ಎಲ್ಲರಿಗೂ "ಇರಬಹುದು" ಅಂದ.

ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅಪ್ಪನನ್ನು ಹಿಡಿದು ಕೂರಿಸಿದೆ. "ನಿಂಗೆ ಏನನ್ಸತ್ತೆ ಅದು ಹೇಳು. ಎಲ್ಲರ ಮಾತಿಗೂ ತಲೆ ಆಡಿಸ್ತೀಯಲ್ಲ, ನಾಚಿಕೆಯಾಗಲ್ವಾ?"

"ನಾಚಿಕೆಯಲ್ಲ, ಭಯ ಆಗತ್ತೆ" ಎಂದ ಅಪ್ಪ. ಅವನ ಅಂಗೈಯಲ್ಲಿ ಹಗ್ಗ ಉಜ್ಜಿ ಕೆಂಪು ಬರೆ ಎದ್ದಿತ್ತು. "ಒಂದನ್ನ ನಂಬಿಬಿಟ್ರೆ ಭಯ ಹೋಗತ್ತೆ ಕಣೇ. ಹಗ್ಗ ಅಂದ್ಕೊಂಡ್ರೂ ಹೋಗತ್ತೆ, ದೆವ್ವ ಅಂದ್ಕೊಂಡ್ರೂ ಒಂದು ಥರ ಹೋಗತ್ತೆ. ಭಯ ಹೋದ್ರೆ ಕೈ ಸಡಿಲ ಆಗತ್ತೆ. ನಿಮ್ಮಾವ ಕೆಳಗಿದ್ದಾಗ ನನ್ನ ಕೈ ಸಡಿಲ ಆಗಬಾರದು. ಅಷ್ಟೇ ನನಗೆ ಗೊತ್ತಿರೋದು."

ಮಾವ ಮತ್ತೆ ನೀರಿಗಿಳಿಯಲಿಲ್ಲ. ಬಸ್ಸಿನ ಕಂಡಕ್ಟರಾಗಿ ಸೇರಿಕೊಂಡ. ಅಪ್ಪ ನಿವೃತ್ತಿಯವರೆಗೂ ಬೇರೆಯವರ ಹಗ್ಗ ಹಿಡಿದ. ಮನೆಯ ಕಾನೂನು ಬಂದಿದ್ದು ಆಗಲೇ. ಬರೀ ಸರಿ ಇದ್ದೀನಿ ಅನ್ನಬೇಡಿ, ಕೊಸರು ಹಾಕಿ. ಮೊದಮೊದಲು ಗೇಲಿ ಮಾಡಿದೆವು. ನಾನಂತೂ "ಸರಿ ಇದ್ದೀನಿ, ನೀನೇ ಸರಿ ಇಲ್ಲ" ಎಂದು ಅಪ್ಪನನ್ನು ಕಾಡಿಸುತ್ತಿದ್ದೆ. ಬರಬರುತ್ತಾ ಅದು ನಾಲಿಗೆಗೆ ಅಂಟಿತು, ಯಾಕೆ ಎಂದು ಕೇಳಿಕೊಳ್ಳುವುದೂ ನಿಂತುಹೋಯಿತು.

ಹೋದ ವರ್ಷದ ಮಾತು. ಅಪ್ಪ ಅಮ್ಮ ನನ್ನ ಜೊತೆಗೇ ಇದ್ದಾರೆ. ಬೆಳಗಿನ ಹೊತ್ತು, ಅಮ್ಮ ತರಕಾರಿಯವಳ ಹತ್ತಿರ ಕೊಸರಿಗೆ ಜಗಳವಾಡಲು ಹೋಗಿದ್ದಳು. ಅಪ್ಪ ಸ್ನಾನಕ್ಕೆ ಹೋಗಿದ್ದ, ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ನನಗೆ ಅಂಗಡಿಗೆ ಹೊತ್ತಾಗುತ್ತಿತ್ತು. ತಲೆ ಬಾಚಿಕೊಳ್ಳುತ್ತಾ ಕೂಗಿದೆ, "ಅಪ್ಪಾ, ಆಯ್ತಾ? ಸರಿ ಇದ್ದೀಯಾ?"

"ಸರಿ ಇದ್ದೀನಿ."

ಬಾಗಿಲ ಹಿಂದಿನಿಂದ ಸ್ಪಷ್ಟವಾಗಿ ಬಂತು. ನಾನು ಬಾಚಣಿಗೆ ಇಟ್ಟು, ಚೀಲ ಹೆಗಲಿಗೇರಿಸಿ, ಚಪ್ಪಲಿಯೊಳಗೆ ಒಂದು ಕಾಲು ತೂರಿಸಿದೆ. ಇನ್ನೊಂದು ಕಾಲು ಅಲ್ಲೇ ನಿಂತಿತು. ಅಪ್ಪ ಕೊಸರು ಹಾಕಿರಲಿಲ್ಲ. ಕಾದೆ. ಬಕೆಟ್ಟು ತುಂಬಿ ನೀರು ಹೊರಗೆ ಚೆಲ್ಲುವ ಸದ್ದು, ಅದರಾಚೆ ಏನೂ ಇಲ್ಲ. ಮತ್ತೆ ಕೇಳಲು ಬಾಯಿ ತೆರೆದೆ, ಮತ್ತೆ ಅದೇ ಉತ್ತರ, ಅಷ್ಟೇ ಚೆನ್ನಾಗಿ ಬಂದರೆ ಎಂಬ ಭಯಕ್ಕೆ ಕೇಳಲಿಲ್ಲ. ಓಡಿ ಹೋಗಿ ಭುಜ ಕೊಟ್ಟು ಬಾಗಿಲು ತಳ್ಳಿದ್ದು ಎಷ್ಟು ಸಲವೋ ತಿಳಿಯದು. ಚಿಲಕದ ಮೊಳೆ ಕಿತ್ತು ಬಂತು.

ಅಪ್ಪ ನೆಲದ ಮೇಲೆ ಒರಗಿ ಬಿದ್ದಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಆ ಕಡೆಯ ಕೈ ನೀರಿನಲ್ಲಿ ಬಿದ್ದಿತ್ತು. ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ಮಾತಾಡಲು ಹೊರಟರೆ ಗಂಟಲಿನಿಂದ ಬರೀ ಗೊರಗೊರ ಸದ್ದು.

ಬೇಗ ತಂದಿರಿ, ಅದಕ್ಕೇ ಉಳಿದರು ಎಂದರು ಡಾಕ್ಟರು. ಮಿದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ. ನಾನು ಅವರನ್ನು ಬಿಡಲಿಲ್ಲ. ಬಿದ್ದ ಮೇಲೆ ಎರಡು ಪದ ಸ್ಪಷ್ಟವಾಗಿ ಆಡಲು ಆಗುತ್ತಿತ್ತಾ? ಆಗುತ್ತಿರಲಿಲ್ಲ. ಹಾಗಾದರೆ ಬೀಳುವ ಮುಂಚೆ ಆಡಿರಬೇಕು ಅಲ್ವಾ? ಇರಬಹುದು ಎಂದರು. ಆದರೆ ನಾನು ಬೀಳುವ ಸದ್ದು ಕೇಳಲಿಲ್ಲವಲ್ಲ? ನೀರಿನ ಸದ್ದಿನಲ್ಲಿ ಕೇಳದೆಯೂ ಇರಬಹುದಮ್ಮ ಎಂದರು. ಆ ಪದ ಅವರ ಬಾಯಲ್ಲಿ ಬಂದಾಗ ನನಗೆ ಕೋಪ ಬರಲಿಲ್ಲ. ನಾನು ದಿನವಿಡೀ ಗಾಜು ಬದಲಿಸಿ ಇದಾ ಅದಾ ಎಂದು ಕೇಳುವವಳು, ಆ ಎರಡು ಪದಗಳನ್ನು ತಲೆಯೊಳಗೆ ಎಷ್ಟು ಸಲ ತಿರುಗಿಸಿ ಕೇಳಿಕೊಂಡರೂ ಅದು ಅಪ್ಪನ ದನಿಯೋ ಅಲ್ಲವೋ ತಿಳಿಯಲಿಲ್ಲ. ಉತ್ತರ ಕೊಟ್ಟವರು ಇಂಥವರು ಎಂದು ಅಮ್ಮ ಏನೋ ಹೇಳಿದಳು. ನಾನು ಬೇಡ ಅನ್ನಲಿಲ್ಲ.

ಮನೆಗೆ ಕರೆತಂದ ಮೇಲೆ ಒಂದು ದಿನ ಧೈರ್ಯ ಮಾಡಿ ಅಪ್ಪನ ಹಾಸಿಗೆಯ ಪಕ್ಕ ಕೂತೆ. ಟವಲಿನ ಒಂದು ತುದಿಯನ್ನು ಅವನ ಚೆನ್ನಾಗಿರುವ ಕೈಗೆ ಕೊಟ್ಟು, ಇನ್ನೊಂದು ತುದಿ ನಾನು ಹಿಡಿದೆ. "ಅಪ್ಪಾ, ಅವತ್ತು ಬಾಗಿಲ ಹಿಂದಿನಿಂದ ಉತ್ತರ ಕೊಟ್ಟಿದ್ದು ನೀನೇನಾ?"

ಅಪ್ಪ ನನ್ನನ್ನು ನೋಡಿದ. ಬೆರಳುಗಳು ಟವಲನ್ನು ಹಿಡಿದವು. ಒಂದೋ ಎರಡೋ ಎಂದು ನಾನು ಕಾದೆ. ಅಪ್ಪ ಜಗ್ಗಲಿಲ್ಲ, ಬಿಡಲೂ ಇಲ್ಲ. ಟವಲು ನಮ್ಮಿಬ್ಬರ ನಡುವೆ ಬಿಗಿಯಾಗಿ ನಿಂತಿತು. ಚಿಕ್ಕಂದಿನಲ್ಲಾದರೆ ಸಿಟ್ಟಿನಿಂದ ಕೈಬಿಡುತ್ತಿದ್ದೆ. ಈ ಸಲ ನಾನೂ ಬಿಗಿಯಾಗಿ ಹಿಡಿದುಕೊಂಡೇ ಕೂತೆ. ಭಯವಾಗುತ್ತಿತ್ತು, ಅವನಿಗೂ ಆಗುತ್ತಿತ್ತು ಅನ್ನುವುದು ಟವಲಿನಲ್ಲೇ ತಿಳಿಯುತ್ತಿತ್ತು.

ಈಗ ದಿನವೂ ಅಂಗಡಿಗೆ ಹೊರಡುವಾಗ ಟವಲಿನ ತುದಿ ಹಿಡಿದು ಒಂದು ಸಲ ಜಗ್ಗುತ್ತೇನೆ. ಅಪ್ಪ ಒಂದು ಜಗ್ಗುತ್ತಾನೆ. ಆಮೇಲೆ ನಾನು ಕಾಯುತ್ತೇನೆ. ತುಸು ತಡೆದು ಅದು ಮೆಲ್ಲಗೆ ಇನ್ನೊಮ್ಮೆ ಮಿಡಿಯುತ್ತದೆ. ಅಪ್ಪ ಬೇಕೆಂದು ಹಾಕುವ ಕೊಸರೋ, ಕೈಯ ನಡುಕವೋ, ಮತ್ತೇನೋ, ನಾನು ಕೇಳಿಲ್ಲ. ಅದು ಬರುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ.